ಪ್ರಾಕ್ಸಿಯ ಹಿಂದಿರುವ ಸರ್ವರ್‌ಗೆ ನೀವು ಯಾರೆಂದು ಹೇಗೆ ಗೊತ್ತಾಗುತ್ತದೆ?

ವೆಬ್‌ಸೈಟ್ ತೆರೆದಾಗ ಸಾಮಾನ್ಯವಾಗಿ ಸರ್ಟಿಫಿಕೇಟ್ ತೋರಿಸುವುದು ಸರ್ವರ್ ಮಾತ್ರ. ಬ್ರೌಸರ್ ಅದನ್ನು ನೋಡಿ, ಸರಿಯಿದೆ ಅನ್ನಿಸಿದರೆ ಮುಂದುವರಿಯುತ್ತದೆ. ನಾವು ಯಾರು ಅನ್ನುವುದನ್ನು ಆಮೇಲೆ ಪಾಸ್‌ವರ್ಡ್ ಕೊಟ್ಟು ಹೇಳುತ್ತೇವೆ. ಆದರೆ ಪಾಸ್‌ವರ್ಡ್ ಸಾಲದ ಜಾಗಗಳಿವೆ. ಒಂದು ಕಂಪನಿಯ ಸರ್ವರ್ ಇನ್ನೊಂದು ಕಂಪನಿಯ ಸರ್ವರ್ ಜೊತೆ ಮಾತಾಡುವಾಗ, ಯಂತ್ರಗಳು ತಾವೇ ಲಾಗಿನ್ ಆಗುವಾಗ, ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸಲಿ ಅಂತ ಕೇಳುತ್ತಾರೆ. ಇದನ್ನೇ ಮ್ಯೂಚುಯಲ್ ಟಿಎಲ್‌ಎಸ್ ಅನ್ನುವುದು; ಟಿಎಲ್‌ಎಸ್ ಅಂದರೆ ಕನೆಕ್ಷನ್‌ನಲ್ಲಿ ಹೋಗುವುದನ್ನು ಬೇರೆಯವರಿಗೆ ಕಾಣದಂತೆ ಮುಚ್ಚುವ ಪದ್ಧತಿ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಸರ್ಟಿಫಿಕೇಟ್ ಗುಟ್ಟಿನ ವಸ್ತುವೇ ಅಲ್ಲ. ಅದರಲ್ಲಿರುವುದು ಹೆಸರು, ಪಬ್ಲಿಕ್ ಕೀ, ಅವಧಿ, ಕೊಟ್ಟವರ ಸಹಿ. ಟಿಎಲ್‌ಎಸ್ 1.2ರಲ್ಲಂತೂ ಕ್ಲೈಂಟ್ ಸರ್ಟಿಫಿಕೇಟ್ ದಾರಿಯಲ್ಲಿ ಯಾರಿಗಾದರೂ ಕಾಣುವಂತೆ ಬಿಚ್ಚಿಟ್ಟೇ ಹೋಗುತ್ತಿತ್ತು. 2018ರಲ್ಲಿ ಬಂದ 1.3ರಲ್ಲಿ ಅದು ಮುಚ್ಚಿಕೊಂಡು ಹೋಗುತ್ತದೆ. ಗುಟ್ಟಾಗಿರಬೇಕಾದದ್ದು ಆ ಪಬ್ಲಿಕ್ ಕೀಗೆ ಜೋಡಿಯಾದ ಪ್ರೈವೇಟ್ ಕೀ ಒಂದೇ. ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನ ಮಾತುಕತೆ) ನಡೆಯುವಾಗ ಕ್ಲೈಂಟ್, ಅಂದರೆ ಕನೆಕ್ಷನ್ ಕೇಳಿ ಬಂದ ಕಡೆ, ಅಲ್ಲಿಯವರೆಗೆ ಎರಡೂ ಕಡೆ ಆಡಿದ ಮಾತುಗಳ ಮೇಲೆಲ್ಲ ಆ ಕೀಯಿಂದ ಸಹಿ ಹಾಕುತ್ತದೆ. ಆ ಮಾತುಗಳಲ್ಲಿ ಪ್ರತಿ ಸಲ ಹೊಸದಾಗಿ ಹುಟ್ಟುವ ರ‍್ಯಾಂಡಮ್ ಸಂಖ್ಯೆಗಳೂ ಇರುತ್ತವೆ, ಹಾಗಾಗಿ ನಿನ್ನೆಯ ಸಹಿಯನ್ನು ಕದ್ದು ಇಂದು ಬಳಸಲು ಆಗುವುದಿಲ್ಲ. ಪುರಾವೆ ಅಂದರೆ ಈ ಸಹಿ.

ಈಗ ನಡುವೆ ಒಂದು ರಿವರ್ಸ್ ಪ್ರಾಕ್ಸಿ ಇಡೋಣ. ಹೊರಗಿನಿಂದ ಬರುವ ಎಲ್ಲ ಕನೆಕ್ಷನ್‌ಗಳನ್ನು ಅದು ತಾನೇ ಹಿಡಿಯುತ್ತದೆ, ಟಿಎಲ್‌ಎಸ್ ಅಲ್ಲೇ ಮುಗಿಯುತ್ತದೆ, ಆಮೇಲೆ ಹಿಂದಿರುವ ಸರ್ವರ್ ಕಡೆಗೆ ಅದು ಬೇರೆಯೇ ಕನೆಕ್ಷನ್ ತೆರೆಯುತ್ತದೆ. ನಿಮ್ಮ ಸಹಿಯನ್ನು ನೋಡಿದ್ದು ಪ್ರಾಕ್ಸಿ. ಹಿಂದಿನ ಸರ್ವರ್ ನೋಡಿಲ್ಲ. ನಿಮ್ಮ ಪ್ರೈವೇಟ್ ಕೀ ಪ್ರಾಕ್ಸಿಯ ಬಳಿ ಇಲ್ಲದ ಕಾರಣ ಎರಡನೇ ಕನೆಕ್ಷನ್‌ನಲ್ಲಿ ಅದು ನಿಮ್ಮ ಹೆಸರಲ್ಲಿ ಸಹಿ ಹಾಕಲಾರದು. "ಕ್ಲೈಂಟ್ ಸರ್ಟಿಫಿಕೇಟನ್ನು ಪ್ರಾಕ್ಸಿ ಹಾಗೇ ಮುಂದಕ್ಕೆ ಕಳಿಸುವಂತೆ ಮಾಡುವುದು ಹೇಗೆ?" ಅಂತ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದವರು ಕೇಳಿಯೇ ಕೇಳುತ್ತಾರೆ, ನಾನೂ ಕೇಳಿದ್ದೆ. ಹಾಗೆ ಮಾಡಲು ಬರುವುದಿಲ್ಲ. ಬರುವಂತಿದ್ದರೆ ನಡುವೆ ಕೂತ ಯಾರು ಬೇಕಾದರೂ ನಿಮ್ಮ ಹೆಸರು ಹೇಳಿಕೊಂಡು ಓಡಾಡಬಹುದಿತ್ತು.

ಒಂದು ದಾರಿ, ಪ್ರಾಕ್ಸಿ ಟಿಎಲ್‌ಎಸ್ ಬಿಚ್ಚದೆ ಬೈಟ್‌ಗಳನ್ನು ಹಾಗೇ ದಾಟಿಸುವುದು. ಸಹಿ ನೇರವಾಗಿ ಹಿಂದಿನ ಸರ್ವರ್‌ಗೇ ತಲುಪುತ್ತದೆ. ಆದರೆ ಆಗ ಪ್ರಾಕ್ಸಿಗೆ ಒಳಗಿನದೇನೂ ಕಾಣುವುದಿಲ್ಲ. ಯುಆರ್‌ಎಲ್ ನೋಡಿ ದಾರಿ ಹಂಚುವುದು, ಕ್ಯಾಶ್ ಮಾಡುವುದು, ಯಾವುದೂ ಇಲ್ಲ. ಅದಕ್ಕೇ ಹೆಚ್ಚಿನವರು ಇನ್ನೊಂದು ದಾರಿ ಹಿಡಿಯುತ್ತಾರೆ: ಪ್ರಾಕ್ಸಿ ಸಹಿಯನ್ನು ತಾನೇ ಪರೀಕ್ಷಿಸಿ, ಸರ್ಟಿಫಿಕೇಟಿನ ಒಂದು ನಕಲು ಪ್ರತಿಯನ್ನು ಎಚ್‌ಟಿಟಿಪಿ ಹೆಡರ್‌ನಲ್ಲಿ, ಅಂದರೆ ಕೋರಿಕೆಯ ತಲೆಭಾಗದಲ್ಲಿ ಹೋಗುವ ಹೆಸರು-ಮಾಹಿತಿಯ ಸಾಲಿನಲ್ಲಿ, ಬರೆದು ಕಳಿಸುತ್ತದೆ.

ಬರೆಯುವುದರಲ್ಲೂ ಒಂದು ಸಣ್ಣ ತೊಡಕು ಇದೆ. ಪೆಮ್ ರೂಪದ, ಅಂದರೆ ಅಕ್ಷರಗಳಲ್ಲಿ ಬರೆದಿಟ್ಟ ಸರ್ಟಿಫಿಕೇಟನ್ನು ತೆರೆದು ನೋಡಿ: ಬಿಗಿನ್ ಸರ್ಟಿಫಿಕೇಟ್ ಅನ್ನುವ ಗೆರೆ, ಅದರ ಕೆಳಗೆ 64 ಅಕ್ಷರಗಳ ಸಾಲುಗಳು. ಸಮಸ್ಯೆ ಇರುವುದು ಸಾಲು ಮುರಿಯುವ ಕಡೆ. ಹೆಡರ್ ಅಂದರೆ ಒಂದೇ ಸಾಲು. ಪೆಮ್ ಅನ್ನು ಸುಮ್ನೆ ತಂದು ಅಂಟಿಸಿದರೆ ಮೊದಲ ಸಾಲಿಗೇ ಹೆಡರ್ ಮುಗಿದು, ಉಳಿದದ್ದು ಕೆಟ್ಟ ಹೆಡರ್‌ಗಳಂತೆ ಕಾಣುತ್ತದೆ, ಸರ್ವರ್ 400 (ಕೋರಿಕೆ ಸರಿಯಿಲ್ಲ) ಅಂತ ತಿರುಗಿಸಿ ಕಳಿಸುತ್ತದೆ. ಎನ್‌ಜಿನ್‌ಎಕ್ಸ್ ಅನ್ನುವ ಪ್ರಾಕ್ಸಿ ಸಾಫ್ಟ್‌ವೇರ್ ಇದಕ್ಕೆಂದೇ 2017ರಲ್ಲಿ, ಸರ್ಟಿಫಿಕೇಟನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿ (ಸಾಲು ಮುರಿಯುವ ಜಾಗಗಳನ್ನು ಸಂಕೇತವಾಗಿ ಬರೆದು) ಕೊಡುವ ಬೇರೆ ವೇರಿಯಬಲ್ ತಂದಿತು. ಪ್ರತಿ ಪ್ರಾಕ್ಸಿಯೂ ತನ್ನದೇ ಹೆಡರ್ ಹೆಸರು, ತನ್ನದೇ ರೂಪ ಬಳಸುತ್ತಿದ್ದ ಗೊಂದಲಕ್ಕೆ 2023ರ ಆರ್‌ಎಫ್‌ಸಿ 9440 ಅನ್ನುವ ಇಂಟರ್ನೆಟ್ ದಾಖಲೆ ಒಂದು ಒಪ್ಪಿತ ರೂಪ ಕೊಟ್ಟಿತು: ಕ್ಲೈಂಟ್-ಸರ್ಟ್ ಅನ್ನುವ ಹೆಡರ್, ಅದರಲ್ಲಿ ಎರಡು ಕೋಲನ್‌ಗಳ ನಡುವೆ ಬೇಸ್64, ಅಂದರೆ ಬೈಟ್‌ಗಳನ್ನು ಅಕ್ಷರಗಳಲ್ಲಿ ಬರೆದ ರೂಪದ ಸರ್ಟಿಫಿಕೇಟ್.

ಆದರೆ ಹಿಂದಿನ ಸರ್ವರ್‌ಗೆ ತಲುಪಿದ್ದು ಪ್ರತಿ ಮಾತ್ರ, ಅಲ್ವಾ? "ನಾನು ನೋಡಿದ್ದೇನೆ, ಇವರೇ ಅವರು" ಅಂತ ಪ್ರಾಕ್ಸಿ ಹೇಳಿದ ಮಾತು ಅದು. ಸರ್ಟಿಫಿಕೇಟ್ ಗುಟ್ಟಲ್ಲ ಅಂದೆನಲ್ಲ, ಅಂದರೆ ನಿಮ್ಮ ಮ್ಯಾನೇಜರ್‌ರ ಸರ್ಟಿಫಿಕೇಟಿನ ಪ್ರತಿ ಸಿಕ್ಕಿದ ಯಾರು ಬೇಕಾದರೂ ಅದನ್ನು ತಾವೇ ಹೆಡರ್‌ನಲ್ಲಿ ಬರೆದು ಕಳಿಸಬಹುದು. ಹೊರಗಿನಿಂದ ಬಂದ ಇಂಥ ಹೆಡರನ್ನು ಪ್ರಾಕ್ಸಿ ಅಳಿಸಿಹಾಕಲೇಬೇಕು, ಎಲ್ಲ ದಾರಿಗಳಲ್ಲೂ, ಕ್ಲೈಂಟ್ ಸರ್ಟಿಫಿಕೇಟ್ ಕೇಳದ ದಾರಿಗಳಲ್ಲೂ.

ಇದು ಎಲ್ಲಿ ಕೈಕೊಡುತ್ತದೆ ಅಂತ ಹತ್ತಿರದಿಂದ ನೋಡಿ. ಎನ್‌ಜಿನ್‌ಎಕ್ಸ್‌ನಲ್ಲಿ ಹೆಡರ್ ಹಾಕುವುದು ಪ್ರಾಕ್ಸಿ_ಸೆಟ್_ಹೆಡರ್ ಅನ್ನುವ ಆಜ್ಞೆ. ಕಾನ್ಫಿಗ್ ಫೈಲಿನ ಸರ್ವರ್ ಬ್ಲಾಕ್‌ನಲ್ಲಿ ಅದನ್ನು ಬರೆದರೆ ಒಳಗಿನ ಲೊಕೇಶನ್‌ಗಳಿಗೂ (ಒಂದೊಂದು ಯುಆರ್‌ಎಲ್ ದಾರಿಗೆ ಬರೆದ ಭಾಗಗಳಿಗೂ) ಇಳಿದು ಬರುತ್ತದೆ. ಕ್ಲೈಂಟ್ ಕಳಿಸಿದ ಹೆಡರ್ ಇದ್ದರೂ ಅದರ ಮೇಲೆ ಇದೇ ಕೂರುತ್ತದೆ. ಸರ್ಟಿಫಿಕೇಟ್ ಬಂದೇ ಇಲ್ಲವಾದರೆ ಹೆಡರ್‌ನ ಒಳಗಿನ ಮಾಹಿತಿ ಖಾಲಿ, ಖಾಲಿ ಹೆಡರ್ ಮುಂದೆ ಹೋಗುವುದೇ ಇಲ್ಲ. ತುಂಬ ಚೆನ್ನಾಗಿದೆ. ಒಂದು ದಿನ ಯಾರೋ ಒಂದು ಲೊಕೇಶನ್ ಒಳಗೆ ಬೇರಾವುದೋ ಕೆಲಸಕ್ಕೆ ಒಂದೇ ಒಂದು ಪ್ರಾಕ್ಸಿ_ಸೆಟ್_ಹೆಡರ್ ಸೇರಿಸುತ್ತಾರೆ. ಆ ಕ್ಷಣದಿಂದ ಮೇಲಿನವು ಒಂದೂ ಅಲ್ಲಿಗೆ ಇಳಿಯುವುದಿಲ್ಲ, ಎನ್‌ಜಿನ್‌ಎಕ್ಸ್‌ನ ನಿಯಮವೇ ಹಾಗೆ. ಕ್ಲೈಂಟ್ ಬರೆದ ಹೆಡರ್ ಈಗ ಹಾಗೇ ದಾಟುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಪರಿಚಯದ ಒಂದು ತಂಡದ ಕಾನ್ಫಿಗ್‌ನಲ್ಲಿ ಇದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಯಿತು, ಏಕೆಂದರೆ ಆ ಬದಲಾವಣೆ ಮಾಡಿದವರು ಮಾಡಿದ್ದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ.

ಅಡ್ಡಗೆರೆಯದು ಇನ್ನೊಂದು ಕಥೆ. ಹೈಫನ್ ಇರುವ ಹೆಸರೂ ಅಂಡರ್‌ಸ್ಕೋರ್ ಇರುವ ಹೆಸರೂ ಸಿಜಿಐ ಪದ್ಧತಿಯಲ್ಲಿ (ವೆಬ್ ಸರ್ವರ್ ಹೆಡರ್‌ಗಳನ್ನು ಪ್ರೋಗ್ರಾಂಗೆ ದಾಟಿಸುವ ಹಳೆಯ ರೀತಿ) ಒಂದೇ ವೇರಿಯಬಲ್ ಆಗಿಬಿಡುತ್ತವೆ. ಪ್ರಾಕ್ಸಿ ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ ಅಳಿಸಿದ್ದು ವ್ಯರ್ಥ. ಎನ್‌ಜಿನ್‌ಎಕ್ಸ್ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ತಾನಾಗಿಯೇ ಬಿಸಾಡುತ್ತದೆ. ಆ ಸೆಟ್ಟಿಂಗ್ ಬದಲಿಸುವ ಮುಂಚೆ ಯೋಚಿಸಿ.

ಇಷ್ಟೆಲ್ಲ ಸರಿಯಾಗಿದ್ದರೂ ಹಿಂದಿನ ಸರ್ವರ್‌ನ ಪೋರ್ಟ್ ನೆಟ್‌ವರ್ಕ್‌ನಲ್ಲಿ ತೆರೆದಿದ್ದರೆ ಪ್ರಾಕ್ಸಿಯ ಮೂಲಕ ಬರುವ ಅಗತ್ಯವೇ ಯಾರಿಗೂ ಇಲ್ಲ. ಅದಕ್ಕೆ ಪ್ರಾಕ್ಸಿಯೂ ಹಿಂದಿನ ಸರ್ವರ್‌ಗೆ ತನ್ನದೇ ಸರ್ಟಿಫಿಕೇಟ್ ತೋರಿಸಲಿ, ಅದಿಲ್ಲದೆ ಬಂದವರನ್ನು ಸರ್ವರ್ ಬಾಗಿಲಲ್ಲೇ ತಡೆಯಲಿ. ನಾನು ಪ್ರತಿ ಸಲ ಎರಡು ಪರೀಕ್ಷೆ ಮಾಡುತ್ತೇನೆ. ಕರ್ಲ್‌ನಿಂದ (ಕೋರಿಕೆಗಳನ್ನು ಕಳಿಸುವ ಸಣ್ಣ ಕಮಾಂಡ್) ಬೇರೊಬ್ಬರ ಹೆಸರಿನ ನಕಲಿ ಹೆಡರ್ ಬರೆದು ಪ್ರಾಕ್ಸಿಯ ಪ್ರತಿ ಲೊಕೇಶನ್‌ಗೂ ಕಳಿಸಿ, ಹಿಂದಿನ ಸರ್ವರ್‌ನ ಲಾಗ್‌ನಲ್ಲಿ ಆ ಹೆಸರು ಹುಡುಕುತ್ತೇನೆ. ಆಮೇಲೆ ಅದೇ ಹೆಡರನ್ನು, ಪ್ರಾಕ್ಸಿಯನ್ನು ಬಿಟ್ಟು, ನೇರವಾಗಿ ಹಿಂದಿನ ಪೋರ್ಟ್‌ಗೆ ಕಳಿಸುತ್ತೇನೆ. ಲಾಗ್‌ನಲ್ಲಿ ಆ ಹೆಸರು ಒಮ್ಮೆ ಕಂಡರೂ ಆ ದಿನ ಬೇರೆ ಕೆಲಸ ಮುಟ್ಟುವುದಿಲ್ಲ.