ಓಡುವುದಿಲ್ಲವೋ, ಆಡಲು ಬರುವುದಿಲ್ಲವೋ

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲಿನ ನಾಕೌಟ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿತ್ತು. ಬದಲಿ ಆಟಗಾರನಾಗಿ ಇಳಿದಿದ್ದ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ, ಕೇರಳ ಬ್ಲಾಸ್ಟರ್ಸ್ ಹುಡುಗರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀಕಿಕ್ ಒದ್ದರು. ಚೆಂಡು ಬಲೆ ಸೇರಿತು. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ನಾವು ಆಟ ನೋಡಲು ಸೇರುವ ಚಹಾದಂಗಡಿಯಲ್ಲಿ ಅಂದು ಬಾಗಿಲು ಹಾಕುವ ಹೊತ್ತು ಮೀರಿದರೂ ಜಗಳ ನಿಲ್ಲಲಿಲ್ಲ. ನರಸಿಂಹರಾಜಪುರದ ಕಡೆ ರಬ್ಬರ್ ತೋಟವಿರುವ ಮಲಯಾಳಿ ಗೆಳೆಯನೊಬ್ಬ ಚಹಾದ ದುಡ್ಡು ಕೊಡದೆ ಎದ್ದುಹೋದ. ಎರಡು ವಾರ ಅವನು ಇತ್ತ ತಲೆ ಹಾಕಲಿಲ್ಲ.

ಮರುದಿನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅದೇ ಅಂಗಡಿ, ಅದೇ ಟಿವಿ. ಆದರೆ ಅದರಲ್ಲಿ ಕ್ರಿಕೆಟ್ ಓಡುತ್ತಿತ್ತು. ಗೆದ್ದ ಸುದ್ದಿ ನಮಗೆ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ, ಪತ್ರಿಕೆಯಲ್ಲಿ.

ಬೆಂಗಳೂರು ಎಫ್‌ಸಿ ಬಗ್ಗೆ ಮಲೆನಾಡಿನ ಅಭಿಮಾನಿಗಳು ವರ್ಷವಿಡೀ ನಡೆಸುವ ವಾದದ ಬೇರು ಈ ಎರಡು ದಿನಗಳ ನಡುವೆ ಎಲ್ಲೋ ಇದೆ ಎಂದು ನನಗೆ ಅನ್ನಿಸುತ್ತದೆ. ತಂಡ ಸೋತಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. "ಇವರಿಗೆ ಮನಸ್ಸಿಲ್ಲ, ಸಂಬಳಕ್ಕೆ ಆಡುವವರು" ಎನ್ನುವುದು ಒಂದು. "ಮನಸ್ಸಿದೆ ಮಾರಾಯ, ಕಾಲಿಗೆ ಆಟ ಬರುವುದಿಲ್ಲ" ಎನ್ನುವುದು ಇನ್ನೊಂದು. ಕೆಲವು ವರ್ಷಗಳಿಂದ ಮೊದಲನೆಯ ಮಾತಿನ ದನಿಯೇ ದೊಡ್ಡದು. ಅದು ಹೇಗೆ ದೊಡ್ಡದಾಯಿತು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರಿಂದ ಹಿಡಿದು ಅಹ್ಮದ್ ಖಾನ್, ಅರುಮೈನಾಯಗಂ, ಕಾರ್ಲ್ಟನ್ ಚಾಪ್‌ಮನ್‌ವರೆಗೆ ಬೆಂಗಳೂರು ದೇಶಕ್ಕೆ ಆಟಗಾರರನ್ನು ಕೊಡುತ್ತಲೇ ಬಂತು. ಆದರೆ ಅವರ ಹೆಸರು ಹೆಚ್ಚು ಮೊಳಗಿದ್ದು ಕೋಲ್ಕತ್ತದ ಮೈದಾನಗಳಲ್ಲಿ, ಘಟ್ಟದ ಮೇಲಿನ ನಮಗೆ ಫುಟ್‌ಬಾಲ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಟಿವಿಯಲ್ಲಿ ಬರುವ ವಿಶ್ವಕಪ್ ಆಗಿ ಉಳಿಯಿತು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಚಿತ್ರ ಬದಲಾಯಿತು. ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ–ಲೀಗ್‌ನ ಪ್ರಶಸ್ತಿ, 2016ರಲ್ಲಿ ಮತ್ತೊಮ್ಮೆ. ಅದೇ ವರ್ಷ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿ ಇರಾಕಿನ ವಾಯುಪಡೆ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2017ರಲ್ಲಿ ಐಎಸ್‌ಎಲ್ ಸೇರಿ, 2019ರಲ್ಲಿ ಅದನ್ನೂ ಗೆದ್ದಿತು. ಆ ಆರು ವರ್ಷಗಳಲ್ಲಿ ಬದ್ಧತೆಯ ಪ್ರಶ್ನೆ ಯಾರೂ ಎತ್ತಿದ್ದು ನನಗೆ ನೆನಪಿಲ್ಲ. ಎರಡು ಲೀಗ್‌ಗಳು ಬೇರೆ ಬೇರೆಯಾಗಿ ನಡೆಯುತ್ತಿದ್ದ ಕಾಲದಲ್ಲಿ, 2015 ಮತ್ತು 2016ರಲ್ಲಿ, ಚೆಟ್ರಿ ಐಎಸ್‌ಎಲ್‌ನಲ್ಲಿ ಮುಂಬೈ ಸಿಟಿ ಪರ ಆಡಿದರು. ಆಗಲೂ ಅವರ ನಿಷ್ಠೆಯನ್ನು ಯಾರೂ ಅಳೆಯಲಿಲ್ಲ. ಗೆಲ್ಲುವ ತಂಡದಲ್ಲಿ ಎಲ್ಲರೂ ನಿಷ್ಠರೇ.

ಮಾತು ತಿರುಗಿದ್ದು ಕೋವಿಡ್ ಕಾಲದಲ್ಲಿ. 2020–21ರಲ್ಲಿ ಎಲ್ಲ ಪಂದ್ಯಗಳೂ ಗೋವಾದ ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ತಂಡ ಏಳನೆಯ ಸ್ಥಾನಕ್ಕೆ ಕುಸಿದು, ಐಎಸ್‌ಎಲ್‌ನಲ್ಲಿ ಮೊದಲ ಬಾರಿ ಪ್ಲೇಆಫ್ ತಪ್ಪಿಸಿಕೊಂಡಿತು. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಜನವರಿಯಲ್ಲೇ ಹೊರಟುಹೋದರು. ಪ್ರೇಕ್ಷಕರ ಗದ್ದಲವಿಲ್ಲದ ಆಟವನ್ನು ನಾವು ಅದುವರೆಗೆ ನೋಡಿರಲಿಲ್ಲ. ಪೀಪಿಯ ಸದ್ದು, ಬೂಟಿನ ಸದ್ದು, ಗೋಲ್‌ಕೀಪರನ ಕೂಗು ಮಾತ್ರ. ಅಂಥ ಮೌನದಲ್ಲಿ ಚೆಂಡಿಲ್ಲದ ಆಟಗಾರ ನಾಲ್ಕು ಹೆಜ್ಜೆ ನಡೆದರೂ ಕ್ಯಾಮೆರಾದಲ್ಲಿ ಸೋಮಾರಿಯಂತೆ ಕಾಣುತ್ತಾನೆ. ಎಲ್ಲ ತಂಡಗಳ ಆಟಗಾರರೂ ನಡೆಯುತ್ತಾರೆ, ನಡೆಯಲೇಬೇಕು, ತೊಂಬತ್ತು ನಿಮಿಷ ಯಾರೂ ಓಡಲಾರರು. ಆದರೆ "ಓಡುವುದಿಲ್ಲ" ಎಂಬ ಮಾತು ಆ ಚಳಿಗಾಲದಲ್ಲಿ ನಮ್ಮ ಬಾಯಿಗೆ ಅಂಟಿಕೊಂಡಿತು.

ಅದೇ ಹೊತ್ತಿಗೆ ನಿಯಮವೂ ಬದಲಾಯಿತು. ಐಎಸ್‌ಎಲ್ ಶುರುವಾದಾಗ ಒಂದು ತಂಡ ಮೈದಾನದಲ್ಲಿ ಆರು ವಿದೇಶಿಯರನ್ನು ಇಳಿಸಬಹುದಿತ್ತು. 2017ರಲ್ಲಿ ಅದು ಐದಕ್ಕೆ, 2021ರಲ್ಲಿ ನಾಲ್ಕಕ್ಕೆ ಇಳಿಯಿತು. ನಮ್ಮ ಹುಡುಗರಿಗೆ ಜಾಗ ಸಿಗಬೇಕಾದರೆ ಇದು ಆಗಲೇಬೇಕಿತ್ತು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕ ನೋಡಿ. ಹನ್ನೊಂದರಲ್ಲಿ ಏಳು ಜನ ಭಾರತೀಯರೇ ಇರಬೇಕು. ಎಡಗಾಲಿನ ಒಳ್ಳೆಯ ಬ್ಯಾಕ್ (ರಕ್ಷಣಾ ಆಟಗಾರ), ಒತ್ತಡದಲ್ಲೂ ಚೆಂಡು ಕಳೆದುಕೊಳ್ಳದ ಮಿಡ್‌ಫೀಲ್ಡರ್ ದೇಶದಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಅವರ ಮೇಲೆ ಎಲ್ಲ ಕ್ಲಬ್ಬುಗಳ ಕಣ್ಣು. ಬೆಂಗಳೂರು ತಂಡ ಮುಂದೆ ಆಡುತ್ತಿದ್ದ ಯುವಕ ನವೋರೆಮ್ ರೋಷನ್ ಸಿಂಗ್ ಅವರನ್ನು ಹಿಂದಕ್ಕೆ ತಂದು ಬ್ಯಾಕ್ ಮಾಡಿತು, ಅವರು 2021–22ರ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಎಲ್ಲ ಕೊರತೆಗೂ ಒಬ್ಬೊಬ್ಬ ರೋಷನ್ ಸಿಗುವುದಿಲ್ಲ.

2022–23ರ ಋತುವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದ ತಂಡ, ಡಿಸೆಂಬರ್ ಹೊತ್ತಿಗೆ ಲೀಗ್ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡುತ್ತಿತ್ತು. ಅಡಿಕೆ ಕೊಯ್ಲಿನ ದಿನಗಳು. ತೋಟದಿಂದ ನೇರವಾಗಿ ಬಂದು, ಕೈಯ ಕಪ್ಪು ಕಲೆ ಹೋಗುವ ಮೊದಲೇ ಟಿವಿ ಮುಂದೆ ಕೂರುತ್ತಿದ್ದ ಗೆಳೆಯರು ಆಟಗಾರರನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಹೊಸ ವರ್ಷ ಬಂತು. ಅದೇ ಆಟಗಾರರು ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದರು. ಆರು ವಾರದಲ್ಲಿ ಅವರಿಗೆ ಹೊಸದಾಗಿ ಬದ್ಧತೆ ಹುಟ್ಟಿತೇ? ಕೋಚ್ ಸೈಮನ್ ಗ್ರೇಸನ್ ಆಟದ ಹಂಚಿಕೆ ಬದಲಾಯಿಸಿದ್ದರು. ಮುಂದೆ ಫಿಜಿಯ ರಾಯ್ ಕೃಷ್ಣ ಜೊತೆ ಯುವಕ ಶಿವಶಕ್ತಿ ನಾರಾಯಣನ್, ಬೆಂಚಿನ ಮೇಲೆ ಚೆಟ್ರಿ. ಓಡಲು ದಾರಿ ತೆರೆದುಕೊಂಡಿತು, ಓಡಿದರು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9–8ರಿಂದ ಮಣಿಸಿ, ಫೈನಲ್‌ನಲ್ಲಿ ಕೋಲ್ಕತ್ತದ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲೇ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಬೇಸಿಗೆಯಲ್ಲಿ ತಂಡ ಚದುರಿತು. ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ, ಪ್ರಬೀರ್ ದಾಸ್ ಬ್ಲಾಸ್ಟರ್ಸ್‌ಗೆ. ಒಂದೆರಡು ವರ್ಷದ ಒಪ್ಪಂದ, ಸಂಬಳಕ್ಕೆ ಮಿತಿ, ಹೆಚ್ಚು ಕೊಡುವವರ ಕರೆ: ಆಟಗಾರನ ಬದುಕು ನಡೆಯುವುದು ಇವುಗಳ ನಡುವೆ. ಮಂಡಿ ಹೋದರೆ ಮೂವತ್ತಕ್ಕೇ ಮನೆಗೆ ಬರಬೇಕಾದ ಕೆಲಸವದು. ಹೋದವರನ್ನು ದ್ರೋಹಿಗಳೆಂದು ಕರೆದ ಗೆಳೆಯರಲ್ಲಿ ಇಬ್ಬರು ಅದೇ ವರ್ಷ ಹೆಚ್ಚಿನ ಸಂಬಳಕ್ಕೆಂದು ಶಿವಮೊಗ್ಗ ಬಿಟ್ಟು ಬೆಂಗಳೂರು ಸೇರಿದರು. ಅವರ ಮೇಲೆ ನನಗೆ ಕೋಪವಿಲ್ಲ, ಆಟಗಾರರ ಮೇಲೂ ಇಲ್ಲ.

2023–24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಕಂಠೀರವದಲ್ಲೇ ಎರಡು ಬಾರಿ 0–4: ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಎದುರು, ಏಪ್ರಿಲ್‌ನಲ್ಲಿ ಮೋಹನ್ ಬಾಗಾನ್ ಎದುರು. ಎರಡನೆಯದಕ್ಕೆ ನಾನು ಹೋಗಿದ್ದೆ. ಅಂದು ನನ್ನ ಕಣ್ಣು ಒಬ್ಬ ಮಿಡ್‌ಫೀಲ್ಡರನ ಮೇಲೆ ನಿಂತಿತು. ಚೆಂಡು ಕಳೆದುಕೊಂಡಾಗಲೆಲ್ಲ ಅಟ್ಟಿಸಿಕೊಂಡು ಓಡುತ್ತಿದ್ದ, ಜೆರ್ಸಿ ಮೈಗೆ ಅಂಟಿತ್ತು. ಆದರೆ ಚೆಂಡು ಕಾಲಿಗೆ ಬಂದ ಕ್ಷಣದಲ್ಲಿ ಬೆನ್ನ ಹಿಂದೆ ಏನಿದೆ ಎಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಮತ್ತೆ ಮತ್ತೆ ಡಿಫೆಂಡರನಿಗೇ ಹಿಂದಿರುಗಿಸುತ್ತಿದ್ದ. ಅವನಲ್ಲಿ ಶ್ರಮದ ಕೊರತೆ ಇರಲೇ ಇಲ್ಲ. ಮೆಜೆಸ್ಟಿಕ್‌ನಿಂದ ಹೊರಟ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ನೀಲಿ ಜೆರ್ಸಿಯ ಕಾಲೇಜು ಹುಡುಗನೊಬ್ಬ ಬಂದು ಕುಳಿತ. ಸಾಗರದ ಕಡೆಯವನು. "ಒಬ್ಬನಿಗೂ ಮಾನ ಇಲ್ಲ ಅಣ್ಣ" ಎಂದ. ತುಮಕೂರು ದಾಟುವವರೆಗೂ ಅವನ ಕಣ್ಣಲ್ಲಿ ನೀರಿತ್ತು. ನಾನು ಆ ಮಿಡ್‌ಫೀಲ್ಡರನ ವಿಷಯ ಎತ್ತಲಿಲ್ಲ.

ಎತ್ತಿದ್ದು ನಂತರ, ನಮ್ಮ ಅಂಗಡಿಯಲ್ಲಿ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಅಲ್ಲಿಗೆ ಬರುತ್ತಾರೆ. ಹರೆಯದಲ್ಲಿ ಪಾಳಿ ಮುಗಿಸಿ ಕಾರ್ಖಾನೆಯ ಹುಡುಗರೊಂದಿಗೆ ಚೆಂಡು ಆಡಿದವರು. ನನ್ನ ಮಾತು ಕೇಳಿ ಎದ್ದು ನಿಂತರು. ಚಹಾದ ಲೋಟವನ್ನು ಮೇಜಿನ ಅಂಚಿಗೆ ಸರಿಸಿ, "ಇದು ಚೆಂಡು, ಬರುತ್ತಿದೆ" ಎಂದರು. ಲೋಟದತ್ತ ನೋಡಲೇ ಇಲ್ಲ. ಮೊದಲು ಬಲ ಹೆಗಲ ಮೇಲಿಂದ ಹಿಂದಕ್ಕೊಮ್ಮೆ, ಎಡ ಹೆಗಲ ಮೇಲಿಂದ ಇನ್ನೊಮ್ಮೆ ನೋಡಿದರು. ಸೊಂಟವನ್ನು ಅರ್ಧ ತಿರುಗಿಸಿ ನಿಂತರು. ಆಮೇಲೆ ದೂರದ ಕಾಲನ್ನು ಮುಂದಿಟ್ಟರು. "ಈಗ ನಾನು ಎರಡೂ ಕಡೆ ಹೋಗಬಲ್ಲೆ. ಇದನ್ನು ಹತ್ತು ವರ್ಷಕ್ಕೇ ಕಲಿಸಬೇಕು. ಇಪ್ಪತ್ತಕ್ಕೆ ಕಲಿಸಿದರೆ ಕಾಲಿಗೆ ಹತ್ತುತ್ತದೆ, ಕತ್ತಿಗೆ ಹತ್ತುವುದಿಲ್ಲ."

ನಮ್ಮಲ್ಲಿ ಹತ್ತು ವರ್ಷದ ಹುಡುಗ ಎಲ್ಲಿ ಆಡುತ್ತಾನೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಶಾಲಾ ಮೈದಾನಗಳಲ್ಲಿ ಚೆಂಡು ಉರುಳುವುದಿಲ್ಲ, ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಎತ್ತಿ ಒದೆಯುವವನೇ ಅಲ್ಲಿ ಗಟ್ಟಿಗ. ಮಳೆ ನಿಂತ ಮೇಲೆ ಅದೇ ನೆಲ ಕಲ್ಲಾಗಿ ಚೆಂಡನ್ನು ಮೊಣಕಾಲೆತ್ತರ ಪುಟಿಸುತ್ತದೆ. ಮೊದಲ ಸ್ಪರ್ಶ ಕಲಿಯುವ ನೆಲವೇ ಇಲ್ಲ. ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆ ಸೊರಗಿ ಕಾಗದದ ಕಾರ್ಖಾನೆ ನಿಂತ ಮೇಲೆ, ಸಂಜೆ ಆಡಿಸುತ್ತಿದ್ದ ಇಂಥ ಹಿರಿಯರ ಸಾಲೂ ಮುಗಿಯುತ್ತಿದೆ. ಈಚೆಗೆ ಶಿವಮೊಗ್ಗದಲ್ಲಿ ಕೃತಕ ಹುಲ್ಲಿನ ಟರ್ಫ್‌ಗಳು ಬಂದಿವೆ. ಗಂಟೆಯ ಬಾಡಿಗೆ ಕೊಡಬಲ್ಲವರು ಹೆಚ್ಚಾಗಿ ನೌಕರಿಯಲ್ಲಿರುವ ದೊಡ್ಡವರು. ಮಕ್ಕಳು ಬಲೆಯ ಹೊರಗೆ ನಿಂತು ನೋಡುತ್ತಾರೆ.

"ನಮ್ಮ ಹುಡುಗರು ತಂಡದಲ್ಲಿ ಏಕಿಲ್ಲ" ಎಂಬ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಮಣಿಪುರ, ಮಿಜೋರಾಂ, ಕೇರಳದ ಹುಡುಗರು ಆಯ್ಕೆಯಾಗುವುದರ ಹಿಂದೆ ಅವರ ಊರಿನ ಮೈದಾನಗಳಿವೆ. ಬೆಂಗಳೂರು ಎಫ್‌ಸಿ ಬಳ್ಳಾರಿಯಲ್ಲಿ ವಸತಿ ಅಕಾಡೆಮಿ ನಡೆಸುತ್ತಿದೆ. ಅಕಾಡೆಮಿಯಲ್ಲಿ ಬೆಳೆದ ವಿನಿತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ, 19ನೆಯ ವಯಸ್ಸಿಗೆ, ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯದ ಗೆಲುವಿನ ಗೋಲು ಹೊಡೆದಾಗ ನಾನು ಕುರ್ಚಿಯಿಂದ ಎದ್ದು ಕೂಗಿದೆ. ಒಂದು ಅಕಾಡೆಮಿ ಇಡೀ ನಾಡಿನ ಭಾರ ಹೊರಲಾರದು, ಅದೂ ನಿಜ.

ಆ ಋತುವಿನಲ್ಲಿ, "ಮುದುಕನಾದ, ಕೂರಿಸಿ" ಎಂದು ನಾವೇ ಹೇಳಿದ್ದ ಚೆಟ್ರಿ ನಲವತ್ತರ ವಯಸ್ಸಿನಲ್ಲಿ 14 ಗೋಲು ಹೊಡೆದರು. ತಂಡ ಫೈನಲ್ ತಲುಪಿ, ಕೋಲ್ಕತ್ತದಲ್ಲಿ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತಿತು. ಅಂದು ಅಂಗಡಿಯಲ್ಲಿ ಯಾರೂ ಬೈಯಲಿಲ್ಲ, ಚಪ್ಪಾಳೆ ತಟ್ಟಿದರು.

ನಾಲ್ಕು ತಿಂಗಳಾಗಿತ್ತು. ಸಂಘಟಕರ ಒಪ್ಪಂದದ ಗೋಜಲಿನಲ್ಲಿ ಲೀಗ್ ನಡೆಯುವುದೇ ಅನಿಶ್ಚಿತವಾಗಿ, 2025ರ ಆಗಸ್ಟ್‌ನಲ್ಲಿ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಸುದ್ದಿ ಬಂದ ಸಂಜೆ ಹೊರಗೆ ಮಳೆ ಹೊಯ್ಯುತ್ತಿತ್ತು. "ಸಂಬಳಕ್ಕೆ ಆಡುವವರು" ಎಂಬ ಮಾತು ಅಂದು ಯಾರ ಬಾಯಿಂದಲೂ ಬರಲಿಲ್ಲ. ಬಸ್ಸಿನಲ್ಲಿ ಸಿಕ್ಕಿದ್ದ ಸಾಗರದ ಹುಡುಗ ಈಗ ನಮ್ಮ ಅಂಗಡಿಯ ಗಿರಾಕಿ. ಮೊಬೈಲ್‌ನಲ್ಲಿ ಆ ಸುದ್ದಿಯನ್ನು ಎರಡು ಸಲ ಓದಿ ಮುಗಿಸಿ ನನ್ನತ್ತ ತಿರುಗಿದ.

"ಹಾಗಾದರೆ ಈಗ ಅವರು ಎಲ್ಲಿ ಅಭ್ಯಾಸ ಮಾಡುತ್ತಾರೆ ಅಣ್ಣ?"