ಬೆಂಗಳೂರಿನ ಆ ಬೆಳಗು ಲಾಗ್‌ಬುಕ್ಕಿನಲ್ಲಿ ಇರಲಿಲ್ಲ

ವಿಮಾನ ನಿಲ್ದಾಣದ ಟವರ್‌ನಲ್ಲಿ ಕೂತು ವಿಮಾನಗಳ ಓಡಾಟ ನಿಯಂತ್ರಿಸುವ ಕಂಟ್ರೋಲರ್‌ಗಳು ‘ಟೇಕಾಫ್’ ಎಂಬ ಪದವನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ರನ್‌ವೇ ಖಾಲಿಯಿದೆ, ಹೊರಡಿ ಎನ್ನುವಾಗ ಒಮ್ಮೆ. ಕೊಟ್ಟ ಅನುಮತಿಯನ್ನು ವಾಪಸ್ ಪಡೆಯುವಾಗ ಇನ್ನೊಮ್ಮೆ. ಅಷ್ಟೇ. ಮಿಕ್ಕೆಲ್ಲ ಕಡೆ ‘ಡಿಪಾರ್ಚರ್’. ಈ ಮಡಿಯ ಹಿಂದೆ 583 ಸಾವುಗಳಿವೆ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನರೀಫ್ ದ್ವೀಪದ ಸಣ್ಣ ನಿಲ್ದಾಣದಲ್ಲಿ ದೊಡ್ಡ ದೊಡ್ಡ ವಿಮಾನಗಳು ಬಂದು ತುಂಬಿಕೊಂಡಿದ್ದವು. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದು ಅದನ್ನು ಮುಚ್ಚಿದ್ದರು. ಮಂಜು ಎಷ್ಟಿತ್ತೆಂದರೆ ಟವರ್‌ಗೆ ರನ್‌ವೇಯೇ ಕಾಣುತ್ತಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ವಿಮಾನದವರು ತಾವು ಟೇಕಾಫ್‌ನಲ್ಲಿದ್ದೇವೆ ಎಂಬರ್ಥ ಬರುವ ಮಾತಾಡಿದರು. ಟವರ್ ‘ಓಕೆ’ ಎಂದು, ಒಂದು ಗಳಿಗೆ ಬಿಟ್ಟು, ಟೇಕಾಫ್‌ಗೆ ಕಾಯಿರಿ, ಕರೆಯುತ್ತೇನೆ ಎಂದಿತು. ಅದೇ ಹೊತ್ತಿಗೆ ಅಮೆರಿಕದ ಪ್ಯಾನ್ ಆಮ್ ವಿಮಾನದವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದರು. ಎರಡು ದನಿ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೇಳಿಸಿದ್ದು ‘ಓಕೆ’ ಮತ್ತು ಒಂದು ಕೀರಲು ಸದ್ದು. ಅದು ಓಡಿಬಂದು ಪ್ಯಾನ್ ಆಮ್‌ಗೆ ಅಪ್ಪಳಿಸಿತು. ಪೈಲಟ್‌ಗಳು ಅನುಮತಿಯನ್ನು ಪದ ಪದವಾಗಿ ತಿರುಗಿ ಒಪ್ಪಿಸುವ ಕಟ್ಟುನಿಟ್ಟು ಬಂದದ್ದು ಇದಾದ ಮೇಲೆ.

ಭಾರತದಲ್ಲಿ ವಿಮಾನ ಸಂಚಾರ ನಿಯಂತ್ರಿಸುವ ಈ ಕೆಲಸ ಮೊದಲು ನಾಗರಿಕ ವಿಮಾನಯಾನ ಇಲಾಖೆಯದಾಗಿತ್ತು, 1986ರಲ್ಲಿ ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಹೋಯಿತು, 1995ರಿಂದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಬೋರ್ಡು ಬದಲಾದರೂ ಉಪಕರಣಗಳು ಅದೇ ವೇಗದಲ್ಲಿ ಬದಲಾಗಲಿಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾದಾಗ ದೆಹಲಿಯ ಕಂಟ್ರೋಲರ್ ಮುಂದಿನ ರಡಾರ್ ಪರದೆಯಲ್ಲಿದ್ದದ್ದು ಬರೀ ಚುಕ್ಕೆಗಳು. ಯಾವ ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪೈಲಟ್ ಹೇಳಿದರುಂಟು, ಇಲ್ಲದಿದ್ದರಿಲ್ಲ. 15,000 ಅಡಿಯಲ್ಲಿ ಇರಬೇಕಿದ್ದ ವಿಮಾನ ಅದಕ್ಕಿಂತ ಕೆಳಗಿಳಿದದ್ದು ಪರದೆಯಲ್ಲಿ ಕಾಣಲೇ ಇಲ್ಲ. 349 ಜನ ಸತ್ತರು. ಎತ್ತರ ತೋರಿಸುವ ರಡಾರ್, ಬರುವ ಹೋಗುವ ವಿಮಾನಗಳಿಗೆ ಬೇರೆ ಬೇರೆ ದಾರಿ, ವಿಮಾನದೊಳಗೇ ಡಿಕ್ಕಿ ಎಚ್ಚರಿಕೆಯ ಯಂತ್ರ ಕಡ್ಡಾಯ, ಎಲ್ಲ ಆಮೇಲಿನವು.

ಎತ್ತರ ತೋರಿಸುವ ರಡಾರ್ ಮಂಗಳೂರಿಗೂ ಬಂತು. 2010ರ ಮೇ 22ರ ದುರಂತದ ಬಗ್ಗೆ ನಮ್ಮಲ್ಲಿ ಗೊತ್ತಿಲ್ಲದವರಿಲ್ಲ: ದುಬೈಯಿಂದ ಬಂದ ವಿಮಾನ, ಟೇಬಲ್‌ಟಾಪ್ ರನ್‌ವೇ, 158 ಸಾವು, ಬದುಕಿದವರು ಎಂಟೇ ಜನ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದದ್ದು, ಇಳಿಯಬೇಡಿ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದು, 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿದ್ದು, ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ತನಿಖಾ ವರದಿಯ ಇನ್ನೊಂದು ಮಾತು ಅಷ್ಟಾಗಿ ಚರ್ಚೆಯಾಗಲಿಲ್ಲ. ಮಂಗಳೂರಿನ ಆ ರಡಾರ್ ಎರಡು ದಿನದಿಂದ ಕೆಟ್ಟಿತ್ತು. ಪರದೆ ಇಲ್ಲದಾಗ ಕಂಟ್ರೋಲರ್ ಪೈಲಟ್ ಹೇಳುವುದನ್ನೇ ನಂಬುವ ಹಳೇ ಪದ್ಧತಿಗೆ ಮರಳಬೇಕು. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ. ಮೂಲ ಕಾರಣ ಅದಲ್ಲ, ವರದಿಯೂ ಹಾಗೆ ಹೇಳಿಲ್ಲ. ಪೂರಕ ಕಾರಣಗಳ ಪಟ್ಟಿಯಲ್ಲಿ ಅದೂ ಒಂದು. ಆದರೆ ಕೆಟ್ಟ ಯಂತ್ರದ ಭಾರ ಕೊನೆಗೆ ಎಲ್ಲಿ ಬಂದು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಬೆಂಗಳೂರು. 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಬಂದಾಗ ಇದ್ದದ್ದು ಒಂದೇ ರನ್‌ವೇ. ಟರ್ಮಿನಲ್, ರನ್‌ವೇ ಖಾಸಗಿ ಕಂಪನಿಯದು. ಟವರ್ ಮಾತ್ರ ಪ್ರಾಧಿಕಾರದ್ದು. ಆಕಾಶವೋ, ಮೊದಲೇ ಇಕ್ಕಟ್ಟು: ಯಲಹಂಕದಲ್ಲಿ ವಾಯುಪಡೆ, ಆಚೆಗೆ ಎಚ್‌ಎಎಲ್, ನಡುವೆ ಜಕ್ಕೂರಿನ ಪುಟ್ಟ ವಿಮಾನಗಳು. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ದಿನಗಳಲ್ಲಿ ದೇವನಹಳ್ಳಿಯ ವಿಮಾನಗಳು ಗಂಟೆಗಟ್ಟಲೆ ಸುಮ್ಮನೆ ನಿಲ್ಲುವುದು ಇದೇ ಕಾರಣಕ್ಕೆ. 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ಎರಡನೇ ರನ್‌ವೇ ಶುರುವಾಯಿತು. ಮೂರೂವರೆ ತಿಂಗಳಿಗೆ ಲಾಕ್‌ಡೌನ್. ತುಂಬಿದ ಸಂಚಾರದಲ್ಲಿ ಎರಡು ರನ್‌ವೇ ನಡೆಸಿ ಕೈ ಪಳಗುವ ಮೊದಲೇ ವಿಮಾನಗಳೇ ಇಲ್ಲವಾದವು.

ರನ್‌ವೇ ಎರಡಾದರೆ ಸಂಚಾರವೂ ಇಮ್ಮಡಿ ಎಂಬ ಲೆಕ್ಕ ಪತ್ರಿಕಾಗೋಷ್ಠಿಯದು. ಅಕ್ಕಪಕ್ಕದ ರನ್‌ವೇಗಳಿಂದ ಎರಡು ವಿಮಾನ ಒಟ್ಟಿಗೆ ಏರಬೇಕಾದರೆ, ಏರಿದ ಕೂಡಲೇ ಅವುಗಳ ದಾರಿ ಕವಲೊಡೆಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಅಂಥ ದಾರಿ ಗುರುತಿಸದ ಕಡೆ ಒಂದು ಹೊರಟ ಮೇಲೇ ಇನ್ನೊಂದು. ಬೆಂಗಳೂರಿನಲ್ಲಿ ಆಗ ಒಟ್ಟಿಗೆ ಹಾರಲು ಅವಕಾಶ ಇರಲಿಲ್ಲ.

2022ರ ಜನವರಿ 7ರ ಬೆಳಿಗ್ಗೆ ಹೊರಡುವ ವಿಮಾನಗಳಿಗೆ ಉತ್ತರದ ರನ್‌ವೇ, ಇಳಿಯುವವಕ್ಕೆ ದಕ್ಷಿಣದ್ದು ಎಂದು ಹಂಚಿಕೆಯಾಗಿತ್ತು. ಒಂದೊಂದಕ್ಕೆ ಒಬ್ಬೊಬ್ಬ ಟವರ್ ಕಂಟ್ರೋಲರ್. ಸ್ವಲ್ಪ ಹೊತ್ತಿಗೆ ಶಿಫ್ಟ್ ಇನ್‌ಚಾರ್ಜ್, ದಕ್ಷಿಣದ್ದನ್ನು ನಿಲ್ಲಿಸಿ ಹತ್ತುವುದು ಇಳಿಯುವುದು ಎರಡನ್ನೂ ಉತ್ತರದಲ್ಲೇ ಮಾಡೋಣ ಎಂದು ತೀರ್ಮಾನಿಸಿದರು. ತೀರ್ಮಾನದಲ್ಲಿ ತಪ್ಪೇನಿಲ್ಲ. ಆದರೆ ಆ ಸುದ್ದಿ ದಕ್ಷಿಣದ ಕಂಟ್ರೋಲರ್‌ಗೆ ಮುಟ್ಟಲಿಲ್ಲ. ಐದು ನಿಮಿಷದ ಅಂತರದೊಳಗೆ ಕೋಲ್ಕತ್ತಾದ ವಿಮಾನಕ್ಕೆ ದಕ್ಷಿಣದಿಂದಲೂ ಭುವನೇಶ್ವರದ ವಿಮಾನಕ್ಕೆ ಉತ್ತರದಿಂದಲೂ ಅನುಮತಿ ಸಿಕ್ಕಿತು. ಎರಡೂ ಮೇಲೇರಿ, ಸುಮಾರು 3,000 ಅಡಿ ಎತ್ತರದಲ್ಲಿ ಒಂದರ ಕಡೆಗೊಂದು ಬರತೊಡಗಿದವು. ಒಳಗೆ ಒಟ್ಟು 426 ಜನ. ತಪ್ಪಿಸಿದ್ದು ಮೂರನೆಯ ವ್ಯಕ್ತಿ: ರಡಾರ್ ಮುಂದೆ ಕೂತು ನಿಲ್ದಾಣದ ಸುತ್ತಲಿನ ಆಕಾಶ ನೋಡಿಕೊಳ್ಳುತ್ತಿದ್ದ ಅಪ್ರೋಚ್ ಕಂಟ್ರೋಲರ್. ಪರದೆಯಲ್ಲಿ ಚುಕ್ಕೆಗಳು ಹತ್ತಿರವಾಗುವುದನ್ನು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.

ರನ್‌ವೇ ಮುಚ್ಚಿದರೆ ಕಂಟ್ರೋಲರ್ ಮುಂದಿನ ಬೋರ್ಡಿನಲ್ಲಿ, ವಿಮಾನಗಳ ಹೆಸರಿನ ಪಟ್ಟಿಗಳ ಸಾಲಿಗೆ, ಬಣ್ಣದ ಒಂದು ಪಟ್ಟಿಯನ್ನು ಅಡ್ಡ ಇಡುವ ರೂಢಿ ಜಗತ್ತಿನ ಅನೇಕ ಟವರ್‌ಗಳಲ್ಲಿದೆ. ಮನುಷ್ಯ ಮರೆತರೂ ಕಣ್ಣಿಗೆ ತಗಲಲಿ ಎಂದು. ಆದರೆ ಪಟ್ಟಿ ಇಡಬೇಕಾದರೂ ಮೊದಲು ಯಾರಾದರೂ ವಿಷಯ ಹೇಳಬೇಕಲ್ಲ.

ಘಟನೆ ಲಾಗ್‌ಬುಕ್ಕಿನಲ್ಲಿ ದಾಖಲಾಗಿರಲಿಲ್ಲ, ಮೇಲಕ್ಕೆ ವರದಿಯೂ ಹೋಗಿರಲಿಲ್ಲ ಎಂದು ಆಮೇಲೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅಧಿಕಾರಿಗಳು ಹೇಳಿದರು. ಹೊರಗೆ ಸುದ್ದಿಯಾಗಲು ಸುಮಾರು ಎರಡು ವಾರ ಹಿಡಿಯಿತು.

ಇಲ್ಲಿಗೆ ಜನರ ಕೊರತೆಯ ವಿಷಯ ಬರಲೇಬೇಕು. ಕಂಟ್ರೋಲರ್ ಕೆಲಸಕ್ಕೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವೀಧರರನ್ನು ಪರೀಕ್ಷೆ ನಡೆಸಿ ಆರಿಸುತ್ತಾರೆ, ಪ್ರಯಾಗರಾಜ್‌ನಂಥ ಕಡೆ ತರಬೇತಿ ಕೊಡುತ್ತಾರೆ. ಅಲ್ಲಿಂದ ಬಂದ ಮಾತ್ರಕ್ಕೆ ಮೈಕು ಕೈಗೆ ಸಿಗದು. ಆಯಾ ನಿಲ್ದಾಣದ, ಆಯಾ ಕುರ್ಚಿಯ ರೇಟಿಂಗ್, ಅಂದರೆ ಅರ್ಹತೆ, ಬೇರೆಯೇ ಪಡೆಯಬೇಕು. ಹಿರಿಯರೊಬ್ಬರು ಪಕ್ಕದಲ್ಲಿ ಕೂತು ತಿಂಗಳುಗಟ್ಟಲೆ ಕಲಿಸಬೇಕು. ಹತ್ತು ವರ್ಷ ಅನುಭವ ಇದ್ದವರು ವರ್ಗವಾಗಿ ಬಂದರೂ ಹೊಸ ಜಾಗದಲ್ಲಿ ಮತ್ತೆ ವಿದ್ಯಾರ್ಥಿ. ಕಲಿಸುವ ಹಿರಿಯರನ್ನೂ ಅದೇ ಶಿಫ್ಟಿನಿಂದಲೇ ತೆಗೆಯಬೇಕು. ನೇಮಕಾತಿ ಆದೇಶಕ್ಕೂ ಕುರ್ಚಿ ತುಂಬುವುದಕ್ಕೂ ನಡುವೆ ವರ್ಷಗಳೇ ಕಳೆಯುವುದು ಹೀಗೆ. ಎರಡು ಗಂಟೆ ಮೈಕಿನ ಮುಂದೆ ಕೂತರೆ ಅರ್ಧ ಗಂಟೆ ಬಿಡುವು ಎಂಬ ನಿಯಮವಿದೆ. ಬಿಡುವು ಕೊಡಲು ಇನ್ನೊಬ್ಬರು ಬೇಕು. ಸಂಸದೀಯ ಸ್ಥಾಯಿ ಸಮಿತಿ ನಾಗರಿಕ ವಿಮಾನಯಾನ ಸುರಕ್ಷತೆ ಕುರಿತ 2025ರ ವರದಿಯಲ್ಲಿ ಕಂಟ್ರೋಲರ್‌ಗಳ ಕೊರತೆ, ದಣಿವು ಎರಡನ್ನೂ ಎತ್ತಿತು.

ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯಲ್ಲಿ ವಿಮಾನಗಳ ಯೋಜನೆಯ ಸಂದೇಶ ಹಂಚುವ ಗಣಕ ವ್ಯವಸ್ಥೆ ಕೈಕೊಟ್ಟಿತು. ಕಂಟ್ರೋಲರ್‌ಗಳು ಎಲ್ಲವನ್ನೂ ಕೈಯಿಂದ ಮಾಡಬೇಕಾಯಿತು. 800ಕ್ಕೂ ಹೆಚ್ಚು ವಿಮಾನ ತಡವಾದವು, ಟಿವಿಗಳಲ್ಲಿ ದಿನವಿಡೀ ಪ್ರಯಾಣಿಕರ ಗೋಳು. ನಿಧಾನ ಮಾಡಿದ್ದೇ ಸರಿ ಎಂದವರನ್ನು ನಾನಂತೂ ನೋಡಲಿಲ್ಲ. ಮುಂಬೈಯಲ್ಲಿ ಒಂದೇ ರನ್‌ವೇ ಮೇಲೆ, ಒತ್ತಡದ ಹೊತ್ತಿನಲ್ಲಿ ಗಂಟೆಗೆ 46 ವಿಮಾನ ಏರಿಳಿಯುತ್ತಿದ್ದುದನ್ನು 2024ರ ಆರಂಭದಲ್ಲಿ 44ಕ್ಕೆ ಇಳಿಸಿದಾಗಲೂ ದೊಡ್ಡ ಗದ್ದಲವಾಗಿತ್ತು. 46 ಎಂದರೆ 78 ಸೆಕೆಂಡಿಗೊಂದು, 44 ಎಂದರೆ 82ಕ್ಕೊಂದು.

ಆ ನಾಲ್ಕು ಸೆಕೆಂಡಿನ ಬೆಲೆ ಗೊತ್ತಾದದ್ದು 2024ರ ಜೂನ್ 8ರಂದು. ಮುಂಬೈಯ ರನ್‌ವೇಯಿಂದ ಒಂದು ವಿಮಾನ ಇನ್ನೇನು ನೆಲ ಬಿಡುತ್ತಿದೆ, ಹಿಂದೆಯೇ ಇನ್ನೊಂದು ಅದೇ ರನ್‌ವೇಯಲ್ಲಿ ಇಳಿದಿದೆ. ವಿಡಿಯೊ ಎಲ್ಲರ ಮೊಬೈಲ್‌ಗೂ ಬಂತು. ತನಿಖೆಗೆ ಆದೇಶ, ಕರ್ತವ್ಯದಲ್ಲಿದ್ದ ಕಂಟ್ರೋಲರ್ ಡ್ಯೂಟಿಯಿಂದ ಹೊರಗೆ. ಹಿಂದಿನ ವರ್ಷ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಒಂದು ವಿಮಾನಕ್ಕೆ ರನ್‌ವೇ ದಾಟಲು, ಇನ್ನೊಂದಕ್ಕೆ ಅದೇ ರನ್‌ವೇಯಿಂದ ಹಾರಲು ಅನುಮತಿ ಸಿಕ್ಕಿದಾಗಲೂ ಹೀಗೆಯೇ ಆಯಿತು. ಅಲ್ಲಿ ಕೂಗಿ ಎಚ್ಚರಿಸಿದ್ದು ದಾಟುತ್ತಿದ್ದ ವಿಮಾನದ ಮಹಿಳಾ ಪೈಲಟ್. ವಿಮಾನ ಅವಘಡದ ತನಿಖೆ ಇರುವುದು ಮುಂದಿನದನ್ನು ತಡೆಯಲಿಕ್ಕೆ, ತಪ್ಪು ಹೊರಿಸಲಿಕ್ಕಲ್ಲ ಎಂದು ಭಾರತವೂ ಒಪ್ಪಿರುವ ಅಂತರರಾಷ್ಟ್ರೀಯ ನಿಯಮಾವಳಿಯಲ್ಲೇ ಇದೆ. ಆದರೆ ತನಿಖೆ ಮುಗಿಯುವ ಮುಂಚೆ ಮೊದಲು ಖಾಲಿಯಾಗುವುದು ಮೈಕಿನ ಮುಂದಿನ ಕುರ್ಚಿ.

ಮುಂಬೈಯಲ್ಲಿ ಮೊಬೈಲ್ ಕ್ಯಾಮೆರಾ ಇತ್ತು, ದೆಹಲಿಯಲ್ಲಿ ಪೈಲಟ್ ಬಾಯಿ ಬಿಟ್ಟರು. ಬೆಂಗಳೂರಿನ ಮೇಲೆ 3,000 ಅಡಿಯಲ್ಲಿ ಅವೆರಡೂ ಇರಲಿಲ್ಲ. ಇದ್ದದ್ದು ಒಂದು ಲಾಗ್‌ಬುಕ್ಕು, ಅದರ ಪಕ್ಕ ಒಂದು ಪೆನ್ನು, ಮತ್ತು ಬರೆದರೆ ಮುಂದೇನಾಗುತ್ತದೆಂದು ಬಲ್ಲ ಒಂದು ಶಿಫ್ಟಿನ ಜನ.