ಸೌರ ಬಿರುಗಾಳಿ ಮತ್ತು ಉಪಗ್ರಹದ ಗಾಜಿನ ಹೊದಿಕೆ

1958ರ ಮಾರ್ಚ್‌ನಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಸೌರಕೋಶಗಳಿಂದ ವಿದ್ಯುತ್ ಪಡೆದ ಮೊದಲ ಉಪಗ್ರಹ. ಅದರ ಬ್ಯಾಟರಿ ಚಾಲಿತ ಟ್ರಾನ್ಸ್‌ಮಿಟರ್ ಬಹುಬೇಗ ನಿಂತುಹೋಯಿತು. ಸೌರಕೋಶಗಳನ್ನು ನೆಚ್ಚಿಕೊಂಡಿದ್ದ ಟ್ರಾನ್ಸ್‌ಮಿಟರ್ 1964ರವರೆಗೂ ಸಂಕೇತ ಕಳಿಸಿತು. ಆದರೆ ಅದು ಹಾರಿದ 1958ರಲ್ಲೇ, ಭೂಮಿಯ ಕಾಂತಕ್ಷೇತ್ರದಲ್ಲಿ ಸಿಲುಕಿದ ವೇಗದ ಕಣಗಳಿಂದಾದ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳೂ ಪತ್ತೆಯಾಗಿದ್ದವು.

ಆ ವಿಕಿರಣದ ಅಪಾಯ ಪೂರ್ತಿ ಮನದಟ್ಟಾದದ್ದು ಮನುಷ್ಯನದೇ ಕೃತ್ಯದಿಂದ. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಸಿಡಿಸಿದ ಅಣುಬಾಂಬಿನ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಲುಕಿ, ಬ್ರಿಟನ್ನಿನ ಏರಿಯಲ್-1 ಸೇರಿದಂತೆ ಹಲವು ಉಪಗ್ರಹಗಳ ಸೌರಫಲಕಗಳನ್ನು ದುರ್ಬಲಗೊಳಿಸಿದವು. ಮರುದಿನವೇ ಕಕ್ಷೆಗೇರಿದ ಟೆಲ್‌ಸ್ಟಾರ್-1ರ 3,600 ಕೋಶಗಳಿಗೆ ನೀಲಮಣಿಯ ತೆಳು ಹೊದಿಕೆಯಿತ್ತು. ಕೆಲವೇ ತಿಂಗಳಲ್ಲಿ ಅದು ಕೆಟ್ಟದ್ದು ನಿಜವಾದರೂ, ಸೋತದ್ದು ಒಳಗಿನ ಟ್ರಾನ್ಸಿಸ್ಟರುಗಳೇ ಹೊರತು ಆ ಕೋಶಗಳಲ್ಲ.

ಸೂರ್ಯನಿಂದ ಕಣಗಳು ರಭಸವಾಗಿ ಸಿಡಿದು ಬರುವ ಸೌರ ಬಿರುಗಾಳಿಯಲ್ಲಿ ಹೆಚ್ಚು ಕಾಡುವುದು ಪ್ರೋಟಾನುಗಳು. ವೇಗವಾಗಿ ನುಗ್ಗಿದ ಪ್ರೋಟಾನು ಸೌರಕೋಶದ ಹರಳಿನೊಳಗಿನ ಪರಮಾಣುವೊಂದನ್ನು ಅದರ ಜಾಗದಿಂದ ಕಿತ್ತೆಸೆಯುತ್ತದೆ. ಬೆಳಕು ಬಿಡಿಸಿದ ಎಲೆಕ್ಟ್ರಾನು ಹೀಗೆ ಉಂಟಾದ ದೋಷಗಳಲ್ಲಿ ಸಿಕ್ಕಿಬಿದ್ದರೆ ವಿದ್ಯುತ್ತಾಗಿ ಹೊರಬರುವುದಿಲ್ಲ. ಆದ್ದರಿಂದಲೇ ಪ್ರತಿ ಕೋಶದ ಮೇಲೆ ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ ಗಾಜನ್ನು ಅಂಟಿಸುತ್ತಾರೆ. ವಿಕಿರಣಕ್ಕೆ ಅದೇ ಕಂದುಗಟ್ಟದಿರಲೆಂದು ಸೀರಿಯಂ ಎಂಬ ಧಾತುವನ್ನು ಬೆರೆಸುತ್ತಾರೆ. ಈ ಗಾಜು ಕೋಶದ ಅಂಚಿನಲ್ಲಿ ಕೂದಲೆಳೆಯಷ್ಟು ಗಿಡ್ಡವಾದರೂ ಸಾಕು, ಕಡಿಮೆ ಶಕ್ತಿಯ ಪ್ರೋಟಾನುಗಳು ಆ ಬತ್ತಲೆ ಪಟ್ಟಿಯಲ್ಲಿ ಮೇಲ್ಪದರಕ್ಕೇ ತಮ್ಮ ಪೆಟ್ಟನ್ನೆಲ್ಲ ಇಳಿಸಿ, ಇಡೀ ಕೋಶದ ಇಳುವರಿಯನ್ನೇ ತಗ್ಗಿಸುತ್ತವೆ.

1989ರ ಅಕ್ಟೋಬರಿನ ಬಿರುಗಾಳಿಗಳಲ್ಲಿ ಕೆಲವು ಉಪಗ್ರಹಗಳ ಫಲಕಗಳಲ್ಲಿ, ಮತ್ತೆ 2000ದ ಜುಲೈನಲ್ಲಿ ಸೂರ್ಯನನ್ನೇ ಗಮನಿಸುತ್ತಿದ್ದ ಸೋಹೋ ನೌಕೆಯ ಫಲಕಗಳಲ್ಲಿ, ತಿಂಗಳುಗಟ್ಟಲೆ ಆಗಬೇಕಾದ ಸವೆತ ಕೆಲವೇ ದಿನಗಳಲ್ಲಿ ಆಗಿಹೋಯಿತು. ಹೀಗಾಗಿ ವಿನ್ಯಾಸಕಾರರು ಫಲಕವನ್ನು ಅಳೆಯುವುದು ಉಡಾವಣೆಯ ದಿನದ ಶಕ್ತಿಯಿಂದಲ್ಲ, ಆಯುಷ್ಯದ ಕೊನೆಯ ದಿನದ ಶಕ್ತಿಯಿಂದ. ನನಗೆ ಈ ಕಸುಬಿನ ತಿರುಳು ಕಾಣುವುದು ಇಲ್ಲಿಯೇ. ಇಂದಿನ ಮೂರು ಪದರದ ಕೋಶಗಳಲ್ಲಿ ಗ್ಯಾಲಿಯಂ ಆರ್ಸೆನೈಡಿನ ನಡುಪದರ ವಿಕಿರಣಕ್ಕೆ ಬೇಗ ಸೊರಗುತ್ತದೆ. ಪದರಗಳು ಸಾಲಾಗಿ ಜೋಡಣೆಯಾಗಿರುವುದರಿಂದ, ಸೊರಗಿದ ಪದರವೇ ಒಟ್ಟು ವಿದ್ಯುತ್ತಿನ ಮಿತಿಯಾಗುತ್ತದೆ. ಅದಕ್ಕಾಗಿ ಮೇಲಿನ ಪದರವನ್ನು ಬೇಕೆಂದೇ ತೆಳುಮಾಡಿ ನಡುಪದರಕ್ಕೆ ಹೆಚ್ಚು ಬೆಳಕು ಬಿಡುತ್ತಾರೆ. ಮೊದಲ ದಿನ ತುಸು ನಷ್ಟವಾದರೂ ವರ್ಷಗಳ ನಂತರ ಎರಡೂ ಸರಿದೂಗುತ್ತವೆ.

ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ನಮ್ಮ ಕಾಂತಕ್ಷೇತ್ರದ ಆಸರೆಯ ಹೊರಗೆ, 2024ರ ಜನವರಿಯಿಂದ ಸೂರ್ಯನನ್ನು ನೋಡುತ್ತಿರುವ ಇಸ್ರೋದ ಆದಿತ್ಯ-ಎಲ್1 ನೌಕೆಯ ಫಲಕಗಳೂ ಇದೇ ಪ್ರೋಟಾನುಗಳಿಗೆ ಮೈಯೊಡ್ಡಿ ನಿಂತಿವೆ.